ಹುಬ್ಬಳ್ಳಿಯ ಮಿಸೆಸ್ ಚಂದ್ರವ್ವ

ನೆಲ್ಸನ್, ನ್ಯೂಜಿಲೆಂಡ್
12 ಫೆಬ್ರುವರಿ 2005

ಗೌಹರಕ್ಕನಿಗೆ ಚಂದ್ರವ್ವನ ನಮಸ್ಕಾರ.

ನಾವೆಲ್ಲ ಉಂಡು ತಿಂದು ಗಟ್ಟಿಯಾಗಿದ್ದೇವೆ. ಫೋನು ಬಿಟ್ಟು ಪತ್ರ ಯಾಕೆ ಅನ್ನಬೇಡ. ಫೋನು ಇರುವುದು ಅಡುಗೆಮನೆಯ ಗೋಡೆಗೆ. ಸೊಸೆ ಸೌಂದರ್ಯಾ ಒಳ್ಳೆಯವಳೇ, ಆದರೆ ಅವಳ ಕಿವಿ ಬಲು ಚುರುಕು. ಈಗ ಹೇಳುವ ಮಾತು ಅವಳಿಗೂ ಗೊತ್ತಾಗಬಾರದು, ಮಗ ಶಿವಪ್ರಸಾದನಿಗಂತೂ ಸುತರಾಂ ಗೊತ್ತಾಗಬಾರದು.

ಅಕ್ಕಾ, ನಾನು ಮತ್ತೆ ಪಿಟೀಲು ಹಿಡಿದಿದ್ದೇನೆ!

ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಚರ್ಚಿನ ಹಾಲ್ ಇದೆ. ಪ್ರತಿ ಗುರುವಾರ ಸಂಜೆ ಸ್ಕಾಟ್ಲೆಂಡಿನ ಮೂಲದವರೆಲ್ಲ ಅಲ್ಲಿ ಕೂಡಿ ತಮ್ಮ ಹಳೆಯ ಪಿಟೀಲಿನ ಪದಗಳನ್ನು ಬಾರಿಸುತ್ತಾರೆ. ಮೊದಲ ವಾರ ಬಾಗಿಲಲ್ಲಿ ನಿಂತು ಕೇಳಿದೆ. ಮರುವಾರ ಚಪ್ಪಲಿ ಬಿಟ್ಟು ಒಳಗೆ ಹೋದೆ. ಡಂಕನ್ ಅಂತ ಒಬ್ಬ ಮುದುಕ ಅವರ ಮುಖಂಡ. ಸೇಬಿನ ತೋಟ ಮಾಡಿಕೊಂಡಿದ್ದವನು, ಈಗ ಮಗನಿಗೆ ಬಿಟ್ಟುಕೊಟ್ಟು ಆರಾಮಾಗಿದ್ದಾನೆ. ನನ್ನ ಬೆರಳು ಸೆರಗಿನ ಅಂಚಿನ ಮೇಲೆ ತಾವಾಗಿ ಓಡಾಡುವುದನ್ನು ನೋಡಿ, ತೀರಿಹೋದ ತನ್ನ ಹೆಂಡತಿಯ ಪಿಟೀಲು ತಂದು ಕೈಗಿಟ್ಟ.

ಅವರೆಲ್ಲ ನಿಂತು ಗದ್ದಕ್ಕೆ ಆನಿಸಿಕೊಂಡು ಬಾರಿಸುತ್ತಾರೆ. ನಾನು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿದೆ. ಹೆಂಗಸಿಗೆ ತಲೆ ತಿರುಗಿತೇನೋ ಅಂತ ಸೆಕ್ರೆಟರಿ ಮೋಯ್ರಾ ನೀರು ತರಲು ಓಡಿದಳು! ತಂತಿಗಳನ್ನು ಸಾ ಪಾ ಸಾ ಪಾ ಅಂತ ಬಿಗಿದಾಗ ಡಂಕನ್ ಕಣ್ಣರಳಿಸಿದ. ಅವರ ಕೆಲವು ಹಳೆಯ ಪದಗಳಿಗೂ ತಂತಿ ಹೀಗೇ ಬಿಗಿಯುತ್ತಾರಂತೆ. ಅವರ ಎಷ್ಟೋ ಪದಗಳು ನಮ್ಮ ಭೂಪ ರಾಗದ ಹಾಗೇ ಕೇಳುತ್ತವೆ. ಸ್ಟ್ರಾತ್‌ಸ್ಪೆ ಅಂತ ಒಂದು ಜಾತಿಯ ಪದವಿದೆ, ನಡುನಡುವೆ ಬಿಕ್ಕಳಿಕೆ ಬಂದ ಹಾಗೆ ಎಗರಿ ಎಗರಿ ನಡೆಯುತ್ತದೆ.

ಇನ್ನು ಮುಖ್ಯ ಸಂಗತಿ ಕೇಳು. ಅವರದೊಂದು ದಪ್ಪ ಪುಸ್ತಕವಿದೆ. ಅದರ ತುಂಬ ಇನ್ನೂರು ವರ್ಷದ ಹಿಂದಿನ ಹೆಂಗಸರು ಕಟ್ಟಿದ ಪದಗಳು! ಒಂದು ಮಿಸ್ ಗ್ರಿಜೆಲ್ ಟಾಡ್, ಇನ್ನೊಂದು ಲೇಡಿ ಕ್ರಿಂಪ್‌ಮೋರ್, ಮತ್ತೊಂದು ಬಾಲ್‌ವಿನ್ನಿಯ ಮಿಸೆಸ್ ಮೆಕ್‌ಫೇಲ್. ನಮ್ಮ ವಚನ, ತತ್ವಪದಗಳಲ್ಲಿ ಅಂಕಿತ ಕೊನೆಯ ಸಾಲಿಗೆ ಬರುತ್ತದಲ್ಲ, ಇವರು ಅಂಕಿತವನ್ನು ನೆತ್ತಿಯ ಮೇಲೇ ಹಾಕುತ್ತಾರೆ. ಪ್ರತಿ ಪದದ ಕೆಳಗೂ ಸಣ್ಣಕ್ಷರದಲ್ಲಿ ‘ಟಲ್ಲೋ’ ಅಂತ ಇದೆ, ಛಾಪಖಾನೆಯವನಿರಬೇಕು. ಆ ಕಾಲಕ್ಕೇ ಆ ಹೆಣ್ಣುಮಕ್ಕಳಿಗೆ ಎಂಥ ಧೈರ್ಯ ಅಂತೀನಿ! ನಮ್ಮ ಮನೆಯವರಿದ್ದರೆ ‘ನಾಟಕದವರ ವಿದ್ಯೆ ಮನೆಯೊಳಗೆ ಬೇಡ’ ಅಂತ ಅವರಿಗೂ ಹೇಳುತ್ತಿದ್ದರು.

ನೆನಪಿದೆಯಾ, ನಾಟಕ ಕಂಪನಿಯಲ್ಲಿ ಬಾರಿಸುತ್ತಿದ್ದ ನಮ್ಮಪ್ಪನ ಪಿಟೀಲು ನಿನ್ನ ರಜಾಯಿ ಪೆಟ್ಟಿಗೆಯೊಳಗೆ ಎಷ್ಟು ವರ್ಷ ಮಲಗಿತ್ತು? ಮಧ್ಯಾಹ್ನ ನಮ್ಮ ಮನೆಯವರು ರೈಲ್ವೆ ಆಫೀಸಿಗೆ ಹೋದಮೇಲೆ ನಿನ್ನ ಮನೆಗೆ ಬಂದು ಬಾರಿಸುತ್ತಿದ್ದೆ. ಓಣಿಗೆ ಕೇಳಬಾರದು ಅಂತ ನೀನು ಹೊಲಿಗೆ ಇರಲಿ ಬಿಡಲಿ ಮೆಷೀನು ತುಳಿಯುತ್ತಿದ್ದೆ. ಶಿವೂಗೆ ಅದೊಂದೂ ಗೊತ್ತಿಲ್ಲ. ಗುರುವಾರ ಹೆಣಿಗೆ ಕ್ಲಾಸಿಗೆ ಹೋಗುತ್ತೇನೆ ಅಂತ ಹೇಳಿದ್ದೇನೆ. ಏನು ಹೆಣೆದೆ ತೋರಿಸು ಅಂದ. ಆಪ್ ಶಾಪ್ ಅನ್ನುವ ಹಳೆಯ ಸಾಮಾನಿನ ಅಂಗಡಿಯಲ್ಲಿ ಯಾರೋ ದಾನ ಕೊಟ್ಟ ಹಳೆಯ ಮಫ್ಲರ್ ಕೊಂಡು ತಂದು ತೋರಿಸಿದೆ. ಪಾಪ, ಅದನ್ನೇ ಸುತ್ತಿಕೊಂಡು ಬಂದರಿನ ಆಫೀಸಿಗೆ ಹೋಗುತ್ತಿದ್ದಾನೆ, ಇಂಥ ಬೇಸಿಗೆಯಲ್ಲಿ.

ನಿನ್ನ ತಂಗಿ,
ಚಂದ್ರವ್ವ


ಮೌಂಟ್ ರಾಸ್ಕಿಲ್, ಆಕ್ಲೆಂಡ್
24 ಫೆಬ್ರುವರಿ 2005

ಚಂದ್ರೀ,

ಗೌಹರಳ ಸಲಾಮು. ನಿನ್ನ ಪತ್ರ ಓದಿ ನಕ್ಕೂ ನಕ್ಕೂ ಸಾಕಾಯಿತು. ಮೊಮ್ಮಗಳು ಜುವೇರಿಯಾ ‘ವಾಟ್ ಹ್ಯಾಪನ್ಡ್, ದಾದಿ’ ಅಂತ ಓಡಿ ಬಂದಳು. ಈ ಹುಡುಗಿಗೆ ನಾನು ಕನ್ನಡದಲ್ಲಿ ಕೇಳಬೇಕು, ಅವಳು ಇಂಗ್ಲಿಷಿನಲ್ಲಿ ಹೇಳಬೇಕು. ಹೀಗೇ ನಡೆದಿದೆ ನಮ್ಮ ಸಂಸಾರ.

ಪಿಟೀಲು ಹಿಡಿದದ್ದು ಬಹಳ ಒಳ್ಳೆಯದಾಯಿತು. ಆದರೆ ಆ ಮುದುಕನದು ನನಗೆ ಸರಿ ಕಾಣಲಿಲ್ಲ. ಹೆಂಡತಿ ತೀರಿಹೋಗಿದ್ದಾಳೆ. ಅವಳ ಪಿಟೀಲು ನಿನ್ನ ಕೈಗೆ ಬಂದಿದೆ. ನಾಳೆ ಅವಳ ಅಡುಗೆಮನೆಯ ಕೀಲಿಕೈಯೂ ಬರುತ್ತದೆ. ಸೇಬು ಗೀಬು ಕೊಡುತ್ತಾನೇನು? ಕೊಟ್ಟರೆ ತಿಳಿಸು. ಗಂಡಸರು ಸುಮ್ಮಸುಮ್ಮನೆ ಹಣ್ಣು ಕೊಡುವುದಿಲ್ಲ, ನನ್ನ ಇಷ್ಟು ವಯಸ್ಸಿನಲ್ಲಿ ನಾನಂತೂ ಕಂಡಿಲ್ಲ.

ನನ್ನ ಸುದ್ದಿ ಏನು ಹೇಳಲಿ, ಪುರುಸೊತ್ತೇ ಇಲ್ಲ. ನನ್ನ ಹಳೆಯ ಮೆಷೀನನ್ನು ಮಗ ಅಕ್ರಮ್ ಹಡಗಿನಲ್ಲಿ ಹಾಕಿಸಿ ತರಿಸಿಕೊಟ್ಟಿದ್ದಾನೆ. ರಾಸ್ಕಿಲ್‌ನ ಅರ್ಧ ಹೆಂಗಸರ ಜಂಪರು ನನ್ನ ಕೈಯಲ್ಲೇ. ಮುಂಜಾನೆ ಕೂತರೆ ಏಳುವುದು ಸಂಜೆಯ ಮಗ್ರಿಬ್ ನಮಾಜಿಗೇ. ಇಲ್ಲಿಂದ ಊರೊಳಗೆ ಹೋಗುವ ಬಸ್ಸಿನ ಡ್ರೈವರ್ ಫೀಜಿಯವನು, ಬಹಳ ಸಜ್ಜನ. ಹಿರೇಮಗಳ ನಿಕಾಹ್ ಆಯಿತಂತೆ, ಕಿರಿಯವಳದು ನಿಂತುಹೋಯಿತಂತೆ. ಬರುವಾಗಿನ ಬಸ್ಸಿನವನು ಮಾತ್ರ ಸಿಡುಕ.

ಹುಷಾರು.
ಗೌಹರ್


ನೆಲ್ಸನ್
20 ಮಾರ್ಚ್ 2005

ಗೌಹರಕ್ಕಾ,

ಸೇಬು ಕೊಟ್ಟ. ಒಂದು ಚೀಲ. ಎಲ್ಲರಿಗೂ ಕೊಟ್ಟ, ಮೋಯ್ರಾಳಿಗೆ ನನಗಿಂತ ದೊಡ್ಡ ಚೀಲ. ಇಲ್ಲಿ ಈಗ ಸೇಬಿನ ಸುಗ್ಗಿ, ಸೇಬು ಕೊಡದವನೇ ಪಾಪಿ. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಅಷ್ಟು ಹೊಲಿಗೆಯ ನಡುವೆ ಬಸ್ಸಿನ ಡ್ರೈವರನ ಮನೆಯ ಸುದ್ದಿ ಕೇಳಲು ನಿನಗೆ ಹೊತ್ತು ಯಾವಾಗ ಸಿಗುತ್ತದೆ ಮಾರಾಯ್ತಿ?

ಈಗ ನಾನೊಂದು ಮಾತು ಹೇಳುತ್ತೇನೆ, ನಗಬಾರದು. ಆ ಪುಸ್ತಕದ ಹೆಂಗಸರ ಪದ ಬಾರಿಸಿ ಬಾರಿಸಿ ನನಗೂ ಹುರುಪು ಬಂತು. ಮಿಸ್ ಗ್ರಿಜೆಲ್ ಟಾಡ್ ಕಟ್ಟಬಹುದಾದರೆ ಚಂದ್ರವ್ವ ಯಾಕೆ ಕಟ್ಟಬಾರದು? ಅವಳೇನು ಮೇಲಿನಿಂದ ಇಳಿದು ಬಂದವಳೇ? ಪಾತ್ರೆ ತಿಕ್ಕುವಾಗ ಒಂದು ಸಾಲು ಹೊಳೆಯಿತು. ಬಟ್ಟೆ ಒಣಗಿಸುವಾಗ ಮುಂದಿನದು ಬಂತು. ಒಂದು ಸ್ಟ್ರಾತ್‌ಸ್ಪೆ ಆಗಿಯೇ ಹೋಯಿತು ಅಕ್ಕಾ! ಭೂಪವೇ, ಆದರೆ ನಡೆ ಬೇರೆ. ಆ ನಡೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಬಹಳ ದಿನದಿಂದ ಮೈಯೊಳಗೆ ಇದ್ದದ್ದು ಈಗ ಹೊರಗೆ ಬಂದ ಹಾಗಾಯಿತು.

ಗುರುವಾರ ಬಾರಿಸಿದೆ. ಡಂಕನ್ ಕಣ್ಣು ಮುಚ್ಚಿಕೊಂಡು ಕೇಳಿದ. ಇನ್ನೊಮ್ಮೆ ಬಾರಿಸು ಅಂದ. ನನಗೆ ಅವರ ಲಿಪಿ ಬರುವುದಿಲ್ಲವಲ್ಲ, ಅವನೇ ಕೂತು ಬರೆದುಕೊಂಡ. ಹೆಸರೇನು ಅಂದ. ಪುಸ್ತಕದ ಪದ್ಧತಿಯ ಪ್ರಕಾರ ನನ್ನ ಅಂಕಿತ ಹೇಳಿದೆ: ‘ಮಿಸೆಸ್ ಚಂದ್ರವ್ವ ಆಫ್ ಹುಬ್ಬಳ್ಳಿ’. ಮೇ 14ಕ್ಕೆ ಕಚೇರಿ ಇದೆ, ಅದರಲ್ಲಿ ಎಲ್ಲರೂ ಕೂಡಿ ಬಾರಿಸುತ್ತಾರೆ. ಕರಪತ್ರವೂ ಅಚ್ಚಾಗಿದೆ, ಒಂದು ಇಟ್ಟಿದ್ದೇನೆ ನೋಡು. ಏಳನೆಯ ಸಾಲಿನಲ್ಲಿ ನನ್ನ ಹೆಸರು! ಅದರ ಕೆಳಗೆ ಸಣ್ಣದಾಗಿ ಡಂಕನ್ ಹೆಸರಿದೆ, ಅಚ್ಚಿನ ಕೆಲಸ ಅವನೇ ನೋಡಿಕೊಂಡಿರಬೇಕು.

ಆ ದಿನ ಶಿವೂ ಮತ್ತು ಸೌಂದರ್ಯಾರನ್ನು ಕರೆದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತೇನೆ. ಏನೂ ಹೇಳುವುದಿಲ್ಲ. ಕರಪತ್ರದಲ್ಲಿ ತಮ್ಮವ್ವನ ಹೆಸರು ಅವರೇ ಓದಿಕೊಳ್ಳಲಿ. ಈ ಜನ್ಮದಲ್ಲಿ ನಾನು ಮಾಡಿದ್ದರ ಮೇಲೆ ನನ್ನ ಹೆಸರು ಬಂದಿರುವುದು ಇದೊಂದೇ. ಇದೊಂದು ಆದರೆ ಸಾಕು ನನಗೆ.

ನಿನ್ನ
ಚಂದ್ರವ್ವ


ಮೌಂಟ್ ರಾಸ್ಕಿಲ್
1 ಏಪ್ರಿಲ್ 2005

ಚಂದ್ರೀ,

ತೋಬಾ ತೋಬಾ! ನಾನು ಹೆದರಿದ್ದು ಆಗಿಯೇ ಹೋಯಿತು.

ಕರಪತ್ರವನ್ನು ಜುವೇರಿಯಾಗೆ ಓದಲು ಕೊಟ್ಟೆ. ಅವಳು ಇಂಟರ್ನೆಟ್ಟಿನಲ್ಲಿ ನೋಡಿ ಎಲ್ಲ ಬಿಡಿಸಿ ಹೇಳಿದಳು. ಸ್ಕಾಟ್ಲೆಂಡಿನಲ್ಲಿ ಹೆಂಗಸಿನ ಹೆಸರಿನ ಪದವನ್ನು ಆ ಹೆಂಗಸು ಕಟ್ಟಿರುವುದಿಲ್ಲವಂತೆ. ಬೇರೆ ಯಾರೋ ಗಂಡಸು ಆಕೆಗಾಗಿ ಕಟ್ಟಿ, ಆಕೆಯ ಹೆಸರಿಟ್ಟು ಕಾಣಿಕೆ ಕೊಡುತ್ತಾನಂತೆ. ಕಟ್ಟಿದವನ ಹೆಸರು ಕೆಳಗೆ, ಸಣ್ಣಕ್ಷರದಲ್ಲಿ. ನಿನ್ನ ಹೆಸರಿನ ಕೆಳಗೆ ಯಾರ ಹೆಸರಿದೆ ಚಂದ್ರೀ? ನಾನೇ ಕಟ್ಟಿದೆ ಅಂತ ನನ್ನ ಮುಂದೆ ಯಾಕೆ ಮುಚ್ಚಿಡುತ್ತೀಯಾ? ಅವನು ಸೇಬು ಕೊಟ್ಟ, ಪದ ಕಟ್ಟಿದ, ಊರಿಗೆಲ್ಲ ಹಂಚಲು ಅಚ್ಚೂ ಹಾಕಿಸಿದ. ಇನ್ನೇನು ಬ್ಯಾಂಡ್ ಬಾಜಾ ಒಂದೇ ಬಾಕಿ!

ನನಗೆ ತಡೆಯಲಾಗಲಿಲ್ಲ. ಶಿವೂಗೆ ಫೋನು ಮಾಡಿದೆ. ‘ಬೇಟಾ, ನಿಮ್ಮವ್ವ ಗುರುವಾರ ಎಲ್ಲಿ ಹೋಗ್ತಾಳ ಗೊತ್ತೈತೇನು?’ ಅಂದೆ. ‘ಹೆಣಿಗಿ ಕ್ಲಾಸಿಗಿ ಖಾಲಾ, ನನಗ ಮಫ್ಲರ್ ಹೆಣದು ಕೊಟ್ಟಾಳ’ ಅಂದ, ಪಾಪದ ಕೂಸು. ನಾನು ಎಲ್ಲ ಹೇಳಿದೆ. ಬಯ್ಯುವುದಿದ್ದರೆ ಬೈ. ನಿನ್ನ ಮಾನ ನನ್ನ ಮಾನ ಬೇರೆಯಲ್ಲ.

ಮೆಷೀನಿನ ಕೆಲಸ ಬಹಳ ಇದೆ, ನಿಲ್ಲಿಸುತ್ತೇನೆ.
ಗೌಹರ್


ನೆಲ್ಸನ್
9 ಏಪ್ರಿಲ್ 2005

ಗೌಹರಬಾನು ಅವರಿಗೆ,

ನಿಮ್ಮ ಉಪಕಾರ ದೊಡ್ಡದು.

ಶಿವೂ ಮಫ್ಲರ್ ಮೇಜಿನ ಮೇಲಿಟ್ಟು, ‘ಅವ್ವಾ, ಇದನ್ನ ಯಾರು ಹೆಣದಾರ?’ ಅಂದ. ‘ಆ ಮುದುಕ ನಿನ್ನ ಮ್ಯಾಲ ಹಾಡು ಕಟ್ಟ್ಯಾನಂತಲ್ಲ? ನಾಳೆ ನಮ್ಮ ಕನ್ನಡ ಮಂದಿ ಕೇಳಿದರ ಏನ್ ಹೇಳ್ಲಿ?’ ಅಂದ. ‘ನಾನೇ ಕಟ್ಟೀನೋ’ ಅಂದೆ. ‘ನಿನಗ ಪಿಟೀಲ್ ಎಲ್ಲಿ ಬರ್ತೈತವ್ವಾ?’ ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಎಂದೂ ಅವನ ಮುಂದೆ ಬಾರಿಸಿದವಳಲ್ಲ ನಾನು. ಗುರುವಾರ ಹೋಗುವುದು ಬೇಡ ಅಂದ. ಸೌಂದರ್ಯಾ ಆ ಮಫ್ಲರ್ ಮಡಚಿ ಕಪಾಟಿನಲ್ಲಿಟ್ಟಳು. ಅದು ಬಹಳ ಚುಚ್ಚಿತು.

ಪಿಟೀಲು ಹಿಂದಿರುಗಿಸಲು ಡಂಕನ್‌ನ ಮನೆಗೆ ಹೋದೆ. ಆ ಹೆಂಗಸರ ಬಗ್ಗೆ ಕೇಳಿದೆ. ಜುವೇರಿಯಾ ಹೇಳಿದ್ದು ನಿಜ. ಮಿಸ್ ಗ್ರಿಜೆಲ್ ಟಾಡ್ ಪಿಟೀಲು ಮುಟ್ಟಿಯೂ ಇರಲಿಲ್ಲ. ಎಲ್ಲವನ್ನೂ ಕಟ್ಟಿದವನು ಆ ಛಾಪಖಾನೆಯ ಟಲ್ಲೋ! ಊರೂರು ತಿರುಗುವ ಪಿಟೀಲಿನವನಂತೆ. ಯಾವ ಮನೆಯಲ್ಲಿ ಊಟ ಹಾಕಿ ಮಲಗಲು ಜಾಗ ಕೊಟ್ಟರೋ ಆ ಮನೆಯ ಯಜಮಾನತಿಯ ಹೆಸರನ್ನು ಒಂದು ಪದಕ್ಕೆ ಇಡುತ್ತಿದ್ದನಂತೆ. ನಾನು ಯಾರನ್ನು ನೋಡಿ ಧೈರ್ಯ ತಂದುಕೊಂಡೆನೋ ಅವರೊಬ್ಬರೂ ಒಂದು ಸ್ವರ ಕಟ್ಟಿದವರಲ್ಲ.

ಕರಪತ್ರದ್ದು ಮೋಯ್ರಾಳ ಕೆಲಸ. ಮೇಲೆ ಹೆಂಗಸಿನ ಹೆಸರು ಕಂಡಳು, ಬರೆದ ಅಕ್ಷರ ಡಂಕನ್‌ನದು ಕಂಡಳು, ಅವನೇ ಕಟ್ಟಿರಬೇಕು ಅಂದುಕೊಂಡು ಹಾಕಿದಳು. ಅವನಿಗೆ ನಾಚಿಕೆಯಾಗಿ ಮುಖ ಕೆಂಪಾಯಿತು. ಆದರೆ ಅಚ್ಚಾದದ್ದು ಅಚ್ಚಾಯಿತು, ಅಂಗಡಿ ಅಂಗಡಿಗೆ ಹಂಚಿಯೂ ಆಯಿತು.

ಮೋಯ್ರಾಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ನನ್ನನ್ನು ಕಂಡು ಎರಡು ತಿಂಗಳು. ಮಗನ ಮೇಲೂ ಸಿಟ್ಟಿಲ್ಲ. ಅಷ್ಟು ವರ್ಷ ನನ್ನ ಪಿಟೀಲು ಕೇಳಿದವರು ಇಡೀ ಹುಬ್ಬಳ್ಳಿಯಲ್ಲಿ ನೀವೊಬ್ಬರೇ. ನೀವೇ ನಂಬಲಿಲ್ಲ.

ಇನ್ನು ನಾನು ಪಿಟೀಲು ಮುಟ್ಟುವುದಿಲ್ಲ. ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಚಂದ್ರವ್ವ


ಮೌಂಟ್ ರಾಸ್ಕಿಲ್
15 ಏಪ್ರಿಲ್ 2005

ಚಂದ್ರೀ,

‘ಅವರಿಗೆ’ ಅಂತ ಬರೆದೆಯಾ ನನಗೆ? ‘ನೀವು’ ಅಂದೆಯಾ? ಎರಡು ಕೆನ್ನೆಗೂ ಬಾರಿಸಿದ್ದರೆ ಆಗುತ್ತಿತ್ತು. ಗೌಹರಬಾನು ಅಂತ ನನ್ನನ್ನು ಕರೆದವರು ನಿಕಾಹ್ ಓದಿಸಿದ ಖಾಜಿಸಾಹೇಬರೊಬ್ಬರೇ.

ಪತ್ರ ಬರೆ.
ಗೌಹರ್


ಮೌಂಟ್ ರಾಸ್ಕಿಲ್
27 ಏಪ್ರಿಲ್ 2005

ಚಂದ್ರೀ, ನನ್ನವ್ವಾ,

ನಿನ್ನ ಕಾಗದ ಬರಲಿಲ್ಲ. ದಿನಾ ಡಬ್ಬಿ ತೆಗೆದು ನೋಡುತ್ತೇನೆ, ಪಿಜ್ಜಾದವರ ಚೀಟಿ ಬಿಟ್ಟರೆ ಏನಿಲ್ಲ. ಸೊಸೆ ಅಮ್ನಾ ‘ಅಮ್ಮೀ, ಆ ಡಬ್ಬೀನ ಒಳಗ ತಂದು ಇಡ್ಲೇನು?’ ಅಂತ ತಮಾಷೆ ಮಾಡುತ್ತಾಳೆ.

ನೀನು ಬರೆದ ಕೊನೆಯ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿದೆ. ಹೌದು, ನಾನು ನಂಬಲಿಲ್ಲ. ಯಾಕೆಂದು ಬಸ್ಸಿನಲ್ಲಿ ಕೂತು ಬಹಳ ಯೋಚಿಸಿದೆ. ಚಂದ್ರವ್ವ ಬಾರಿಸುವವಳು ಅಂತ ಗೊತ್ತಿತ್ತು, ಕಟ್ಟುವವಳು ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದು ನಿನ್ನೊಳಗೆ ಇರಲಿಕ್ಕಿಲ್ಲ ಅಂತ ನನ್ನ ಸೊಕ್ಕು.

ಕೆಡಿಸಿದವಳು ನಾನು, ಸರಿಮಾಡುವವಳೂ ನಾನೇ. ನಿನ್ನೆ ಶಿವೂಗೆ ಮತ್ತೆ ಫೋನು ಮಾಡಿ ರಜಾಯಿ ಪೆಟ್ಟಿಗೆಯ ಕಥೆಯೆಲ್ಲ ಹೇಳಿದ್ದೇನೆ. ಹುಡುಗ ‘ನಮ್ಮವ್ವ? ನಮ್ಮವ್ವ ಖಾಲಾ?’ ಅಂತ ಅದನ್ನೇ ಕೇಳಿದ. ‘ಹೌದೋ, ನಿಮ್ಮವ್ವನ. ಆ ಮುದುಕನ ಮನಿಗಿ ಹೋಗಿ ಪಿಟೀಲ್ ತಗೊಂಡ್ ಬಾ. ಆಕಿ ಮುಂದ ಇಡು. ಆಮ್ಯಾಲ ಫೋನ್ ಹಚ್ಚು, ನಾನೂ ಕೇಳ್ತೀನಿ. ಆಕಿ ಕಟ್ಟಿದ್ದೋ, ಮಂದಿ ಕಟ್ಟಿದ್ದೋ, ಈ ಗೌಹರ್ ಒಬ್ಬಾಕಿ ಹೇಳ್ತಾಳ’ ಅಂದೆ.

ಬಾರಿಸಲ್ಲ ಅಂತ ಹಟ ಮಾಡಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.
ಗೌಹರ್


ಮೌಂಟ್ ರಾಸ್ಕಿಲ್
3 ಮೇ 2005

ಚಂದ್ರೀ,

ಭಾನುವಾರ ಫೋನಿನಲ್ಲಿ ನೀನು ಬಾರಿಸಿದ್ದು ಪೂರ್ತಿ ಕೇಳಿದೆ. ಆಮೇಲೆ ಲೈನು ಕಟ್ಟಾಯಿತು, ಅದಕ್ಕೇ ಏನೂ ಹೇಳಲಾಗಲಿಲ್ಲ. ಆಕ್ಲೆಂಡಿನ ಲೈನುಗಳು ಹೀಗೇ.

ಶಿವೂಗೆ ಬೇರೆ ಚೀಟಿ ಬರೆದಿದ್ದೇನೆ. ಅದರಲ್ಲಿ ಒಂದೇ ಸಾಲು: ನಿಮ್ಮವ್ವನೇ ಕಟ್ಟಿದ್ದು, ಬೇಕಾದರೆ ಖುರಾನಿನ ಮೇಲೆ ಕೈಯಿಟ್ಟು ಹೇಳುತ್ತೇನೆ, ಇದನ್ನು ಕಟ್ಟಲು ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಕೂತಿರಬೇಕು, ಸೇಬಿನ ತೋಟದವರಿಂದ ಆಗುವುದಿಲ್ಲ.

ಗೌಹರ್


ನೆಲ್ಸನ್
18 ಮೇ 2005

ಗೌಹರಕ್ಕಾ,

ನಿನ್ನ ಮೇಲಿನ ಸಿಟ್ಟು ಇಳಿದು ಬಹಳ ದಿನ ಆಯಿತು. ಬೇಗ ಹೇಳಿದರೆ ನೀನು ಹಿಗ್ಗುತ್ತೀಯ ಅಂತ ತಡಮಾಡಿದೆ.

ಮೊದಲು ಶಿವೂನ ಕಥೆ. ಪಿಟೀಲು ತರಲು ಡಂಕನ್‌ನ ಮನೆಗೆ ಬುಸುಗುಟ್ಟುತ್ತಾ ಹೋದವನು ಬರುವಾಗ ಒಂದು ಕೈಯಲ್ಲಿ ಪಿಟೀಲು, ಒಂದು ಕೈಯಲ್ಲಿ ಸೇಬಿನ ಚೀಲ! ‘ನಿಮ್ಮ ತಾಯಿ ಹಟಮಾರಿ, ಚರ್ಚಿನ ಹಾಲ್‌ನಲ್ಲಿ ನನಗೆ ಎದುರು ಮಾತಾಡುವವಳು ಅವಳೊಬ್ಬಳೇ’ ಅಂದನಂತೆ ಆ ಮುದುಕ. ‘ಅಂವಾ ನಿನ್ನ ಮದಿವಿ ಆಗ್ತಾನ ಅಂತ ಹೆದರಿದ್ದೆ ಅವ್ವಾ, ಅಂವಾನೇ ನಿನಗ ಹೆದರ್ತಾನ’ ಅಂದ.

ನೆಲದ ಮೇಲೆ ಕೂತು ಬಾರಿಸಿದೆನಲ್ಲ, ಶಿವೂ ಫೋನು ಹಿಡಿದುಕೊಂಡೇ ನಿಂತಿದ್ದ. ಮುಗಿದಮೇಲೂ ಕೈ ಇಳಿಸಲಿಲ್ಲ. ಕಡೆಗೆ, ‘ಅಪ್ಪಗ ಗೊತ್ತಿತ್ತೇನವ್ವಾ?’ ಅಂತ ಕೇಳಿದ. ಇಲ್ಲ, ಪಿಟೀಲು ಬಿಟ್ಟೇಬಿಟ್ಟಿದ್ದೇನೆ ಅಂತ ತಿಳಿದಿದ್ದರು ಅಂದೆ. ‘ಅಪ್ಪ ಭಾಳ ಕಳಕೊಂಡ’ ಅಂದ. ನಾನು ಅತ್ತುಬಿಟ್ಟೆ ಅಕ್ಕಾ. ಸೌಂದರ್ಯಾಳೂ ಅತ್ತಳು. ಅವಳಿಗೆ ಹೆಣಿಗೆ ಕ್ಲಾಸಿನ ವಿಷಯ ಮೊದಲ ವಾರದಿಂದಲೇ ಗೊತ್ತಿತ್ತಂತೆ! ಆ ಮಫ್ಲರ್ ಆಪ್ ಶಾಪ್‌ಗೆ ದಾನ ಕೊಟ್ಟವಳೇ ಅವಳಂತೆ.

ಕಚೇರಿ ಚೆನ್ನಾಗಿ ಆಯಿತು. ಉಳಿದ ಕರಪತ್ರಗಳನ್ನೆಲ್ಲ ಶಿವೂ ಮುಂದೆ ಹಾಕಿಕೊಂಡು ಕೂತು, ಏಳನೆಯ ಸಾಲನ್ನು ಪೆನ್ನಿನಿಂದ ಹೊಡೆದು ತಿದ್ದಿದ. ಅವನಿಗೆ ನಾನು ತಿದ್ದಲು ಹೇಳಿದ್ದು ಎರಡು. ಕೆಳಗಿನ ಡಂಕನ್ ಹೆಸರು ತೆಗೆದು ಅಲ್ಲಿ ನನ್ನ ಹೆಸರು ಹಾಕು ಅಂದೆ. ಆ ಸಣ್ಣಕ್ಷರದ ಜಾಗವೇ ನನಗೆ ಬೇಕಾದದ್ದು, ಅದು ಕಟ್ಟಿದವರ ಜಾಗ. ಮೇಲೆ ಏನು ಬರೀಲಿ ಅಂದ. ಟಲ್ಲೋ ಏನು ಮಾಡುತ್ತಿದ್ದನೋ ಅದನ್ನೇ ಮಾಡೋಣ ಅಂದೆ. ಪಿಟೀಲಿಗೆ ಜಾಗ ಕೊಟ್ಟ ಮನೆಯ ಯಜಮಾನತಿಯ ಹೆಸರು ಮೇಲಿರಲಿ. ನಿನ್ನ ಮನೆಯ ಈದಿನ ಶೀರ್‌ಖುರ್ಮಾ ಲೆಕ್ಕ ಹಿಡಿದರೆ ಒಂದು ಪದ ಸಾಲದು, ಆದರೂ ಇರಲಿ.

ಡಂಕನ್ ಮೈಕಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದ: ‘ಮಿಸೆಸ್ ಗೌಹರ್ ಆಫ್ ಹುಬ್ಬಳ್ಳಿ. ಕಟ್ಟಿದವರು ಚಂದ್ರವ್ವ.’ ಹುಬ್ಬಳ್ಳಿ ಅನ್ನಲು ಅವನಿಗೆ ಒಂದು ವಾರ ಕಲಿಸಿದ್ದೆ, ಆದರೂ ‘ಹಬಲಿ’ ಅಂದ. ಗೌಹರ್ ಮಾತ್ರ ಸರಿಯಾಗಿ ಅಂದ.

ಶಿವೂ ಟೇಪ್ ಮಾಡಿದ್ದಾನೆ, ಕ್ಯಾಸೆಟ್ ಕಳಿಸಿದ್ದೇನೆ. ಕೇಳಿ ಬರೆ. ಆ ನಡೆ ಎಲ್ಲಿಂದ ಬಂತು ಅಂತ ನನಗೆ ಇನ್ನೂ ತಿಳಿದಿಲ್ಲ. ಅದು ಹುಬ್ಬಳ್ಳಿಯದು ಅಂತ ನಿನಗೆ ಹೇಗೆ ಗೊತ್ತಾಯಿತು?

ನಿನ್ನ ತಂಗಿ,
ಚಂದ್ರವ್ವ


ಮೌಂಟ್ ರಾಸ್ಕಿಲ್
2 ಜೂನ್ 2005

ಚಂದ್ರೀ,

ಕ್ಯಾಸೆಟ್ ಬಂತು. ಮನೆಯವರೆಲ್ಲ ಕೂತು ಕೇಳಿದೆವು. ಡಂಕನ್‌ನ ಬಾಯಲ್ಲಿ ನನ್ನ ಹೆಸರು ಬಂದಾಗ ಜುವೇರಿಯಾ ‘ದಾದೀ, ನಿನ್ನ ಹೆಸ್ರು!’ ಅಂತ ಕೂಗಿದಳು, ಕನ್ನಡದಲ್ಲಿ. ಮರುದಿನ ಬಸ್ಸಿನ ಫೀಜಿಯವನಿಗೂ ಹೇಳಿದೆ, ಸಿಡುಕನಿಗೂ ಹೇಳಿದೆ. ಸಿಡುಕ ನಕ್ಕ.

ನಿನಗೆ ಕೆಲವು ಮಾತು ಹೇಳುವುದಿದೆ. ಇಲ್ಲಿಗೆ ಬಂದಮೇಲೆ ನಾನು ಒಂದು ಗುಂಡಿಯನ್ನೂ ಹೊಲಿದಿಲ್ಲ. ನನ್ನ ಮೆಷೀನು ಹಡಗು ಹತ್ತಲೇ ಇಲ್ಲ. ಅಷ್ಟು ಭಾರದ ಸಾಮಾನು ತರಿಸುವುದು ಹೇಗೆ ಅಂತ ಹುಬ್ಬಳ್ಳಿಯಲ್ಲೇ ಮಾರಿ ಬಂದೆವು. ರಾಸ್ಕಿಲ್‌ನ ಹೆಂಗಸರು ಅಂಗಡಿಯಲ್ಲಿ ಹೊಲಿದದ್ದನ್ನೇ ಕೊಂಡು ಉಡುತ್ತಾರೆ. ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದಮೇಲೆ ನನಗೆ ಹೊತ್ತು ಹೋಗುವುದಿಲ್ಲ. ಬಸ್ಸು ಹತ್ತಿ ಈ ಕೊನೆಯಿಂದ ಆ ಕೊನೆಗೆ ಹೋಗಿ ಬರುತ್ತೇನೆ. ನೀನು ಪಿಟೀಲು, ಕಚೇರಿ ಅಂತ ಬರೆಯುವಾಗ ನಾನು ಏನಂತ ಬರೆಯಲಿ? ಅದಕ್ಕೇ ಜಂಪರು ಹೊಲಿದೆ, ಕಾಗದದ ಮೇಲೆ.

ಆ ಭಾನುವಾರ ಲೈನು ಕಟ್ಟಾಗಿರಲಿಲ್ಲ. ಫೋನು ಇಟ್ಟವಳು ನಾನೇ.

ಆ ನಡೆ ಎಲ್ಲಿಯದು ಅಂತ ಕೇಳುತ್ತೀಯಲ್ಲ ಹುಚ್ಚಿ, ಅದು ನನ್ನ ಮೆಷೀನು. ಟಕ್ ಟಕಾ, ಟಕ್ ಟಕಾ ಅಂತ, ಎಡಗಾಲಿನ ಕಡೆ ಹಲಗೆ ಸಡಿಲಾಗಿ ಎಗರುತ್ತಿತ್ತಲ್ಲ, ಅದೇ. ಬಿಕ್ಕಳಿಕೆ ಸ್ಕಾಟ್ಲೆಂಡಿನವರದಲ್ಲ. ಮೊದಲ ಸಾಲಿಗೇ ಗುರುತು ಹಿಡಿದೆ.

ನಿಮ್ಮ ಮೋಯ್ರಾ ಬಾರಿಸಿದ್ದು ಚೆನ್ನಾಗಿದೆ, ಡಂಕನ್‌ನದೂ ಅಡ್ಡಿಯಿಲ್ಲ. ಆದರೆ ಎರಡನೆಯ ಸುತ್ತಿನಲ್ಲಿ ಎಲ್ಲರೂ ಓಡುತ್ತೀರಿ. ನನ್ನ ಮೆಷೀನು ಎಂದೂ ಓಡಲಿಲ್ಲ. ಅಕ್ರಮ್ ಟಿಕೆಟ್ ತೆಗೆಸಿದ್ದಾನೆ, ಈ ತಿಂಗಳ ಕೊನೆಗೆ ಬರುತ್ತೇನೆ. ಆ ಚರ್ಚಿನ ಹಾಲ್‌ನಲ್ಲಿ ನನಗೊಂದು ಕುರ್ಚಿ ಹಾಕಿಸು, ತುಳಿದು ತೋರಿಸುತ್ತೇನೆ.

ಗೌಹರ್